ಕೋಹಾ ಹಾಕುವ ಮೊದಲು ನೋಡಬೇಕಾದ ನೆಟ್‌ವರ್ಕ್ ಡ್ರೈವರ್

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಶಾಲಾ ಗ್ರಂಥಾಲಯಗಳಲ್ಲಿ, ಊರ ವಾಚನಾಲಯಗಳಲ್ಲಿ ಪುಸ್ತಕಗಳ ಪಟ್ಟಿಯನ್ನೂ ಕೊಡುಕೊಳ್ಳುವಿಕೆಯನ್ನೂ ನೋಡಿಕೊಳ್ಳುವ ಕೋಹಾ ತಂತ್ರಾಂಶವನ್ನು ಅಳವಡಿಸಿಕೊಡುವುದು ನನ್ನ ಕೆಲಸ. ಕನ್ನಡ, ಮಲಯಾಳ ಪುಸ್ತಕಗಳು ಒಂದೇ ಕಪಾಟಿನಲ್ಲಿರುವುದರಿಂದ ತೊಂದರೆ ಲಿಪಿಯಲ್ಲಿ ಬರಬಹುದೆಂದು ಹಲವರು ಎಣಿಸುತ್ತಾರೆ. ನನ್ನ ಅನುಭವದಲ್ಲಿ ಕೆಲಸ ನಿಲ್ಲುವುದು ಅದಕ್ಕಿಂತ ಎಷ್ಟೋ ಮೊದಲು, ನೆಟ್‌ವರ್ಕ್ ಡ್ರೈವರಿನ, ಅಂದರೆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡನ್ನು ನಡೆಸುವ ತಂತ್ರಾಂಶದ ಹಂತದಲ್ಲಿ. ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ಕಾರ್ಯವ್ಯವಸ್ಥೆಗಳಲ್ಲಿ ಕೋಹಾವೂ ಅದಕ್ಕೆ ಬೇಕಾದ ಮರಿಯಾಡಿಬಿ ದತ್ತಸಂಚಯ, ಅಪಾಚೆ ವೆಬ್ ಸರ್ವರ್‌ಗಳೂ ಸಾಮಾನ್ಯವಾಗಿ ಇಂಟರ್‌ನೆಟ್‌ನಿಂದಲೇ ಇಳಿದು ಬರಬೇಕು. ಡ್ರೈವರ್ ಇಲ್ಲದಿದ್ದರೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದಿದ್ದರೆ ಆ ಡ್ರೈವರನ್ನು ತರಿಸುವಂತಿಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಟೆದರಿಂಗ್ ಹಾಕಿ ಫೋನಿನ ಇಂಟರ್‌ನೆಟ್ಟನ್ನು ಕಂಪ್ಯೂಟರಿಗೆ ಕೊಟ್ಟರೆ ಈ ಗಂಟು ಬಿಡುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಡ್ರೈವರ್ ಲಿನಕ್ಸ್‌ನ ಜೊತೆಯಲ್ಲೇ ಬಂದಿರುತ್ತದೆ.

ಡ್ರೈವರ್ ಇದೆಯೇ ಎಂದು ತಿಳಿಯಲು, ಯಂತ್ರದ ಕಾರ್ಡುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆದೇಶಕ್ಕೆ ಎನ್‌ಎನ್‌ಕೆ ಆಯ್ಕೆಯನ್ನು ಸೇರಿಸಿ (lspci -nnk) ಕೊಟ್ಟರೆ ಪ್ರತಿಯೊಂದು ಕಾರ್ಡಿನ ಕೆಳಗೆ ಅದನ್ನು ನಡೆಸುತ್ತಿರುವ ಡ್ರೈವರಿನ ಹೆಸರು ಕಾಣುತ್ತದೆ. ಕಾರ್ಡೇ ಪಟ್ಟಿಯಲ್ಲಿಲ್ಲದಿದ್ದರೆ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್‌ಗಳಲ್ಲಿ) ಅದನ್ನು ಮುಚ್ಚಿಟ್ಟಿರಬಹುದು, ಇಲ್ಲವೇ ಅದು ಸುಟ್ಟಿರಬಹುದು. ತುಲಾ ಮಾಸದ ಸಂಜೆಯ ಸಿಡಿಲು ಕೇಬಲಿನ ಮೂಲಕ ಬಂದು ಪೋರ್ಟನ್ನು ಕೆಡಿಸುವುದು ನಮ್ಮ ಕಡೆ ಹೊಸತೇನಲ್ಲ. ಕಾರ್ಡ್ ಇದ್ದು ಡ್ರೈವರಿನ ಸಾಲು ಇಲ್ಲದಿದ್ದರೆ ಲಿನಕ್ಸ್‌ನ ಒಳ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಆದೇಶದ ಬರಹವನ್ನು ಓದಬೇಕು. ವೈಫೈ ಚಿಪ್ಪುಗಳಿಗೆ ಬೇಕಾದ ಫರ್ಮ್‌ವೇರ್ (ಚಿಪ್ಪಿನ ಒಳಗೆ ನಡೆಯುವ ಪುಟ್ಟ ತಂತ್ರಾಂಶ) ಸಿಗಲಿಲ್ಲವೆಂಬುದು ಅಲ್ಲಿಯೇ ದಾಖಲಾಗಿರುತ್ತದೆ, ಮತ್ತು 2023ರಲ್ಲಿ ಬಂದ ಡೆಬಿಯನ್ 12 ಅಂಥ ಫರ್ಮ್‌ವೇರನ್ನು ತನ್ನ ಅಧಿಕೃತ ಡಿಸ್ಕ್‌ನಲ್ಲೇ ಸೇರಿಸಿಕೊಂಡಿರುವುದರಿಂದ ಹಳೆಯ ಆವೃತ್ತಿಯಿರುವ ಪೆನ್‌ಡ್ರೈವನ್ನೇ ನೆಚ್ಚಿಕೊಳ್ಳುವುದು ವ್ಯರ್ಥ ಹಠವೆಂದೇ ನನ್ನ ಎಣಿಕೆ. ನಾವೇ ಕಟ್ಟಿದ ಡ್ರೈವರನ್ನು ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ವ್ಯವಸ್ಥೆ ಒಳಗೆ ಬಿಡದಿರುವುದೂ ಉಂಟು. ಆಗ ಅದಕ್ಕೆ ಸಹಿ ಮಾಡಿದ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸಬೇಕು.

ಹೆಚ್ಚು ದಾರಿತಪ್ಪಿಸುವುದು ಲಿನಕ್ಸ್ ಕಾರ್ಡಿಗೆ ಕೊಡುವ ಹೆಸರು. ಸುಟ್ಟ ಪೋರ್ಟಿನ ಬದಲಿಗೆ ಹೊಸ ಕಾರ್ಡನ್ನು ಬೇರೆ ಸ್ಲಾಟಿಗೆ ಸಿಕ್ಕಿಸಿದಾಗ, ಮೊದಲು ಇಎನ್‌ಪಿ2ಎಸ್0 ಎಂದಿದ್ದ ಹೆಸರು ಇಎನ್‌ಪಿ3ಎಸ್0 ಎಂದಾಗಬಹುದು. ಡ್ರೈವರ್ ಸರಿಯಿದೆ, ಪೋರ್ಟಿನ ಹಸಿರು ದೀಪವೂ ಮಿನುಗುತ್ತಿದೆ, ಆದರೆ ಸರ್ವರಿನ ಸ್ಥಿರ ಐಪಿ ವಿಳಾಸ ಉಬುಂಟುವಿನ ನೆಟ್‌ವರ್ಕ್ ಹೊಂದಿಕೆಗಳಿರುವ ನೆಟ್‌ಪ್ಲಾನ್ ಕಡತದಲ್ಲಿ ಹಳೆಯ ಹೆಸರಿಗೇ ಅಂಟಿಕೊಂಡಿರುವುದರಿಂದ ಕೌಂಟರಿನ ಕಂಪ್ಯೂಟರಿನಲ್ಲಿ 8080ನೇ ಪೋರ್ಟಿನ ಸಿಬ್ಬಂದಿ ಪುಟ ತೆರೆಯುವುದಿಲ್ಲ. "ಸರ್, ಕೋಹಾ ಹಾಳಾಯಿತು, ಪುಸ್ತಕ ಕೊಡಲಿಕ್ಕೆ ಆಗುವುದಿಲ್ಲ" ಎಂದು ಗ್ರಂಥಪಾಲಕರಿಂದ ಫೋನ್ ಬರುವುದು ಇಂಥ ಹೊತ್ತಿನಲ್ಲೇ. ಸರ್ವರಿನಲ್ಲಿಯೇ ಐಪಿ ಅಡ್ರೆಸ್ (ip address) ಆದೇಶ ಕೊಟ್ಟು ವಿಳಾಸ ಯಾವ ಹೆಸರಿಗೆ ಬಂದಿದೆ, ಅಥವಾ ಬಂದೇ ಇಲ್ಲವೇ ಎಂದು ನೋಡಿದರೆ ಕೋಹಾವನ್ನು ಮರಳಿ ಹಾಕುವ ಪ್ರಮೇಯವೇ ಬರುವುದಿಲ್ಲ. ನಾನು ಈಗ ಸ್ಲಾಟಿನಿಂದ ಬರುವ ಹೆಸರಿನ ಬದಲು ಕಾರ್ಡಿನಲ್ಲೇ ಅಚ್ಚಾಗಿರುವ ಗುರುತಾದ ಮ್ಯಾಕ್ ವಿಳಾಸಕ್ಕೆ ಐಪಿಯನ್ನು ಹೊಂದಿಸುತ್ತೇನೆ; ಆದರೆ ಕಾರ್ಡನ್ನೇ ಬದಲಿಸಿದಾಗ ಮ್ಯಾಕ್ ವಿಳಾಸವೂ ಬದಲಾಗುವುದರಿಂದ ಕಡತದ ಆ ಒಂದು ಸಾಲನ್ನು ತಿದ್ದಲೇಬೇಕು.