ಕೋರಿ ಸುಕ್ಕದ ಪಕ್ಕದಲ್ಲಿ ರೆಗೆಂಟ್

ಕೋರಿ ಸುಕ್ಕ ಅಂದರೆ ತೆಂಗಿನಕಾಯಿ ಹಾಕಿದ ನಮ್ಮ ಕಡೆಯ ಕೋಳಿ ಪಲ್ಯ. ಅದಕ್ಕೆ ಹೊಂದುವ ರೆಗೆಂಟ್ ಎಂಬ ಕೆಂಪು ವೈನಿನ ಕಥೆ ನನಗೆ ಶುರುವಾಗುವುದು ಅಡಿಕೆ ತೋಟದಿಂದ. ಅಡಿಕೆ ತೋಟ ಇದ್ದವರಿಗೆ ಬೋರ್ಡೋ ದ್ರಾವಣದ ಪರಿಚಯ ಬೇಕಿಲ್ಲ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲೊಮ್ಮೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಾಲ್ಕು ದಿನ ಬಿಸಿಲು ಸಿಕ್ಕಾಗ ಇನ್ನೊಮ್ಮೆ ಮದ್ದು ಬಿಡದಿದ್ದರೆ ಕೊಳೆರೋಗ ಗೊನೆಗೊನೆಯನ್ನೇ ಉದುರಿಸುತ್ತದೆ. ಕಾರ್ಕಳದ ನಮ್ಮ ತೋಟದಲ್ಲಿ ಈಗ ಮರ ಹತ್ತುವವರಿಲ್ಲ, ಎಲ್ಲ ನೆಲದಲ್ಲೇ ನಿಂತು ಉದ್ದನೆಯ ಫೈಬರ್ ದೋಟಿಯ ಕೆಲಸ.

ಈ ಮದ್ದು ಹುಟ್ಟಿದ್ದು ಮಾತ್ರ ದ್ರಾಕ್ಷಿ ತೋಟದಲ್ಲಿ. 1878ರ ಹೊತ್ತಿಗೆ ಅಮೆರಿಕದಿಂದ ಬಂದ ಡೌನಿ ರೋಗ ಫ್ರಾನ್ಸಿನ ಬಳ್ಳಿಗಳನ್ನು ಹಾಳುಗೆಡವುತ್ತಿತ್ತು. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿಯವರು ತುತ್ತು-ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಷ್ಟೇ ಹಸಿರಾಗಿ ಉಳಿದದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನೇ ಔಷಧವೆಂದು ಸಾರಿದರು. ಕಳ್ಳರ ಉಪಕಾರ!

ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಮಣ್ಣಿನಲ್ಲಿ ಕರಗಿಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಯುರೋಪಿನಲ್ಲಿ ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರದ ಮಿತಿಯಿದೆ. ಹಾಗಾಗಿ ರೋಗ ತಡೆಯುವ ತಳಿಗಳಿಗೆ ಅಲ್ಲಿ ಬೆಲೆ ಬಂದಿದೆ. ಅವುಗಳಲ್ಲಿ ನನಗೆ ಒಗ್ಗಿದ್ದು ರೆಗೆಂಟ್. 1967ರಲ್ಲಿ ಜರ್ಮನಿಯ ಗೈಲ್‌ವೈಲರ್‌ಹೋಫ್ ಸಂಶೋಧನಾ ಕೇಂದ್ರದಲ್ಲಿ ಡಯಾನಾ ಮತ್ತು ಶಾಂಬುರ್ಸಾಂ ತಳಿಗಳನ್ನು ಕೂಡಿಸಿ ಮಾಡಿದ್ದು. ಡೌನಿಯನ್ನೂ ಬೂದಿ ರೋಗವನ್ನೂ ತಕ್ಕಮಟ್ಟಿಗೆ ತಾನೇ ತಡೆದುಕೊಳ್ಳುತ್ತದೆ. ಮದ್ದು ಪೂರ್ತಿ ನಿಲ್ಲುವುದಿಲ್ಲ, ಬಹಳ ಕಡಿಮೆಯಾಗುತ್ತದೆ.

ಅಕ್ಕ-ಭಾವ ಫ್ರಾಂಕ್‌ಫರ್ಟಿನಿಂದ ಬರುವಾಗ ಒಬ್ಬರಿಗೆ ಎರಡು ಲೀಟರ್ ವೈನ್ ತರಬಹುದು. ಭಾವನ ಒಲವು ಹೆಸರುವಾಸಿ ಫ್ರೆಂಚ್ ಬಾಟಲಿಗಳ ಕಡೆಗೆ. "ಹೈಬ್ರಿಡ್ ದ್ರಾಕ್ಷಿ ಮಾರಾಯ, ಅದರಲ್ಲಿ ಏನುಂಟು?" ಎನ್ನುತ್ತಾರೆ. "ಭಾವ, ನೀವು ಒಂದು ಮಳೆಗಾಲ ದೋಟಿ ಹಿಡಿದು ನೋಡಿ, ಆಮೇಲೆ ಮಾತಾಡುವ" ಎಂದೆ. ನಕ್ಕರು, ತಂದುಕೊಟ್ಟರು.

ಬಣ್ಣ ಪುನರ್ಪುಳಿ ಶರಬತ್ತಿಗಿಂತಲೂ ಗಾಢ, ಬಹುತೇಕ ಕಪ್ಪು. ಚೆರಿ ಹಣ್ಣಿನ ವಾಸನೆ. ನಾಲಿಗೆ ಒಣಗಿಸುವ ಒಗರು ಕಮ್ಮಿ, ನಮಗೆ ಬೇಕಾದದ್ದೇ ಅದು. ಒಗರು ಹೆಚ್ಚಿರುವ ಕ್ಯಾಬರ್ನೆ ದ್ರಾಕ್ಷಿಯ ವೈನನ್ನು ಕೋರಿ ಸುಕ್ಕದ ಜೊತೆ ಕುಡಿದರೆ ಬ್ಯಾಡಗಿ ಮೆಣಸಿನ ಖಾರ ಇನ್ನಷ್ಟು ಏರಿ, ವೈನ್ ಬರೀ ಕಹಿಯಾಗುತ್ತದೆ. ರೆಗೆಂಟ್ ಹಾಗೆ ಜಗಳಕ್ಕೆ ನಿಲ್ಲುವುದಿಲ್ಲ, ತೆಂಗಿನಕಾಯಿಯ ಸಿಹಿಯನ್ನು ಹಿಡಿದುಕೊಳ್ಳುತ್ತದೆ. ಮೀನಿಗೆ ಬೇಡ. ಬಂಗುಡೆ ಪುಳಿಮುಂಚಿಯ ಎದುರು ಯಾವ ಕೆಂಪು ವೈನೂ ನನಗೆ ಹಿಡಿಸಿಲ್ಲ.

ಆರಿಸುವಾಗ ನಾನು ನೋಡುವುದು ಇಷ್ಟೇ: ಇತ್ತೀಚಿನ ವರ್ಷದ್ದಿರಬೇಕು, ಓಕ್ ಪೀಪಾಯಿಯಲ್ಲಿ ಹೆಚ್ಚು ಕಾಲ ಇಟ್ಟದ್ದಿರಬಾರದು. ಓಕಿನ ಒಗರೂ ಸೇರಿದರೆ ಮತ್ತೆ ಅದೇ ಖಾರದ ತೊಂದರೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಕೋಣೆಗಳಿಗೆ ಸರಿ. ಮಂಗಳೂರಿನ ಮೇ ತಿಂಗಳಿನ ಕೋಣೆಯಲ್ಲಿಟ್ಟರೆ ಅದು ಕಷಾಯ. ಬಡಿಸುವ ಅರ್ಧ ಗಂಟೆ ಮೊದಲು ಫ್ರಿಜ್ಜಿಗೆ ಹೋಗಲೇಬೇಕು. ತೆರೆದ ಬಾಟಲಿಯೂ ಅಲ್ಲೇ ಇರಲಿ, ಎರಡು ದಿನದೊಳಗೆ ಮುಗಿಸಿ.

ಮುಂದಿನ ಸಲಕ್ಕೆ ಫ್ರೈಬುರ್ಗಿನ ಕ್ಯಾಬರ್ನೆ ಕಾರ್ಟಿಸ್ ತರಲು ಹೇಳಿದ್ದೇನೆ. ಅದೂ ರೋಗ ತಡೆಯುವ ತಳಿಯೇ, ಆದರೆ ಒಗರು ಜಾಸ್ತಿ. ಅದನ್ನು ಸುಕ್ಕದ ಹತ್ತಿರ ತರುವುದಿಲ್ಲ, ಕಾಳುಮೆಣಸು ಹಾಕಿ ಹುರಿದ ಮಟನ್ ಮಾಡಿಸಬೇಕು.