ಪಟದಲ್ಲಿದ್ದ ಇಂಜಿನಿಯರು

ನಮ್ಮ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ವಿಶ್ವೇಶ್ವರಯ್ಯನವರ ಫೋಟೋ ಇತ್ತು. ಮೈಸೂರು ಪೇಟ, ಕೋಟು, ನಗದ ಮುಖ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯಿತು. ಆಮೇಲೆ ನಾಲೆ ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲ ಗದ್ದೆಯಾಯಿತು. ನಮ್ಮ ತಾತ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯನ್ನು ಕೊನೇವರೆಗೂ ಇರ್ವಿನ್ ನಾಲೆ ಅಂತಲೇ ಕರೆದರು. ಹೆಸರು ಯಾವುದಾದರೂ ಇರಲಿ, ನೀರು ತಂದವರು ಇಂಜಿನಿಯರು. ಅದಕ್ಕೇ ನಮ್ಮ ಕಡೆ ಇಂಜಿನಿಯರ್ ಅಂದರೆ ಬರೀ ಸಂಬಳದ ಮಾತಲ್ಲ. ವಿಶ್ವೇಶ್ವರಯ್ಯನವರು ತೀರಿಕೊಂಡ 1962ರಲ್ಲೇ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಶುರು ಮಾಡಿದರು. ಅದನ್ನೂ ನಮ್ಮಪ್ಪ ಪುರಾಣದ ಹಾಗೆ ಹೇಳುತ್ತಿದ್ದರು.

ತಮಾಷೆ ಏನು ಗೊತ್ತಾ? ಪಟದಲ್ಲಿದ್ದವರು ಓದಿದ್ದು ಸಿವಿಲ್. ನಮ್ಮ ಬ್ಯಾಚಿನಲ್ಲಿ ಸಿವಿಲ್ ಯಾರ ಮನೆಗೂ ಬೇಡ. "ಬಿಸಿಲಲ್ಲಿ ನಿಲ್ಲೋ ಕೆಲಸಕ್ಕೆ ಅಷ್ಟೊಂದು ಫೀಸು ಯಾಕೆ?" ಅಂದಿದ್ದರು ಬೆಂಗಳೂರಿನ ಮಾವ. ಪೂಜೆ ಸಿವಿಲ್ ಇಂಜಿನಿಯರಿಗೆ, ಸೀಟು ಮಾತ್ರ ಕಂಪ್ಯೂಟರ್ ಸೈನ್ಸು. ಇನ್ನೊಂದು ವಿಷಯ. ವಿಶ್ವೇಶ್ವರಯ್ಯನವರು ಮೊದಲು ಮಾಡಿದ್ದು ಬಿ.ಎ. ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದ್ದು ಆಮೇಲೆ. ಇದನ್ನು ನಾನು ನಮ್ಮ ಪಿಯು ಕಾಲೇಜಿನ ಲೈಬ್ರರಿಯಲ್ಲಿ ಓದಿ ತಿಳಿದುಕೊಂಡೆ. ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ.

2004ರಲ್ಲಿ ನಾನು ಆ ಪಿಯು ಕಾಲೇಜಿಗೆ ಸೇರಿದಾಗ ಅರ್ಜಿ ತುಂಬಿದ್ದೂ ಆ ಮಾವನೇ. ಕಾಂಬಿನೇಷನ್ ಅಂತ ಇದ್ದ ಕಡೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಅಂತ ಬರೆದರು. "ಬಿ ಒಂದು ಇರಲಿ, ಡಾಕ್ಟರ್ ಸೀಟು ಸಿಕ್ಕರೂ ಸಿಗಬಹುದು" ಅಂದರು. ನಾನು ಪಕ್ಕದಲ್ಲಿ ನಿಂತು ಫೋಟೋಗೆ ಗೋಂದು ಹಚ್ಚುತ್ತಿದ್ದೆ.

ಆ ಬಿಯೇ ನನ್ನನ್ನು ಕೆಡಿಸಿದ್ದು.

ಕನ್ನಡ ಮೀಡಿಯಂನಿಂದ ಬಂದವನಿಗೆ ಮೊದಲ ಮೂರು ತಿಂಗಳು ಫಿಸಿಕ್ಸ್, ಮ್ಯಾಥ್ಸ್ ಎರಡೂ ತಲೆ ಮೇಲೇ ಹಾರಿ ಹೋಗುತ್ತಿದ್ದವು. ಬಯಾಲಜಿ ಹಾಗಾಗಲಿಲ್ಲ. ಪದ ಇಂಗ್ಲಿಷಿನದಾದರೂ ಗಿಡ ನಮ್ಮ ಬದುವಿನದೇ ಅಲ್ವಾ? ನಮ್ಮ ಬಯಾಲಜಿ ಮೇಷ್ಟ್ರು ಒಂದು ಶನಿವಾರ ನಮ್ಮನ್ನು ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋದರು. ಸಣ್ಣ ಸಣ್ಣ ಮಡಿ, ಒಂದೊಂದರ ಮುಂದೆ ತಳಿಯ ಹೆಸರು ಬರೆದ ಬೋರ್ಡು. ಕೆ.ಆರ್.ಎಚ್.-2 ಅನ್ನೋ ಹೈಬ್ರಿಡ್ ಭತ್ತ ಹುಟ್ಟಿದ್ದು ಇಲ್ಲೇ ಅಂದರು. ಅಪ್ಪ ಅಂಗಡಿಯಿಂದ ತಂದು ಬಿತ್ತುತ್ತಿದ್ದ ಬೀಜ ಅದು. ಅದನ್ನು ಯಾರೋ ಕೂತು ಮಾಡಿದ್ದಾರೆ, ಮಾಡುವುದೇ ಅವರ ಕೆಲಸ, ಅದಕ್ಕೆ ಸಂಬಳವೂ ಬರುತ್ತದೆ ಅನ್ನೋದು ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ.

ಮನೆಗೆ ಬಂದು ಸುಮ್ನೆ ಮಾತು ತೆಗೆದೆ. ಅಗ್ರಿ ಬಿ.ಎಸ್ಸಿ. ಅಂತ ಒಂದಿದೆಯಂತೆ ಅಂದೆ. ಅಪ್ಪ ಸಿಟ್ಟಾಗಲಿಲ್ಲ, ನಕ್ಕರು. "ಗದ್ದೆ ಕೆಲಸ ಕಲಿಯೋಕೆ ಕಾಲೇಜ್ಗೆ ಹೋಗ್ಬೇಕೇನ್ಲಾ?" ಅಷ್ಟೇ. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆನೋ ಏನೋ. ನಕ್ಕವರ ಎದುರು ಏನು ಮಾತಾಡುವುದು?

2006ರಲ್ಲಿ ಸಿಇಟಿ ಬರೆದೆ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕು. ಅಗ್ರಿ ಬಿ.ಎಸ್ಸಿ.ಗೆ ಇರೋ ಕೃಷಿಕರ ಕೋಟಾದ ಪ್ರಾಕ್ಟಿಕಲ್ ಪರೀಕ್ಷೆಗೂ ಹೋದೆ. ಅದೂ ಸಿಇಟಿಯದ್ದೇ ಒಂದು ಭಾಗ ಅಂತ ಮನೆಯಲ್ಲಿ ಹೇಳಿದ್ದೆ. ಬೀಜ, ಗೊಬ್ಬರ, ಉಪಕರಣ ತೋರಿಸಿ ಗುರುತಿಸು ಅಂದರು. ಜನ್ಮದಲ್ಲಿ ಅಷ್ಟು ಸಲೀಸಾಗಿ ಬೇರೆ ಯಾವ ಪರೀಕ್ಷೆಯನ್ನೂ ಬರೆದಿಲ್ಲ.

ಕೌನ್ಸೆಲಿಂಗ್‌ಗೆ ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋಗಬೇಕಿತ್ತು. ಅಪ್ಪ, ಮಾವ, ನಾನು. ಬೆಳಗಿನ ಟ್ರೈನು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಕಂಪ್ಯೂಟರ್ ಮುಂದಿದ್ದವರು ನನ್ನ ಇಂಜಿನಿಯರಿಂಗ್, ಅಗ್ರಿ ಎರಡೂ ರ‍್ಯಾಂಕು ನೋಡಿ "ಅಗ್ರಿನೂ ಸಿಗುತ್ತಲ್ಲಪ್ಪಾ, ಯಾವುದು ಬೇಕು?" ಅಂತ ಕೇಳಿದರು. ನಿನಗೆ ಯಾವುದು ಬೇಕು ಅಂತ ನನ್ನನ್ನೇ ಒಬ್ಬರು ಕೇಳಿದ್ದು ಅದೇ ಮೊದಲು. ಅಪ್ಪ ಹಿಂದೆ ನಿಂತಿದ್ದರು. ಹೊಸ ಶರ್ಟು ಹಾಕಿದ್ದರು. ಗದ್ದಲಕ್ಕೆ ಅವರಿಗೆ ಪ್ರಶ್ನೆ ಕೇಳಿಸಲಿಲ್ಲ. ನಾನು "ಇ ಅಂಡ್ ಸಿ" ಅಂದೆ, ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್.

ಮುಂದಿನ ನಾಲ್ಕು ವರ್ಷದ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಎಂ-3 ಅನ್ನೋ ಮ್ಯಾಥ್ಸ್ ಪೇಪರನ್ನು ಎರಡು ಸಲ ಬರೆದೆ. ಹಬ್ಬಕ್ಕೆ ಊರಿಗೆ ಬಂದರೆ "ಕ್ಯಾಂಪಸ್ ಆಯ್ತಾ?" ಅನ್ನೋ ಪ್ರಶ್ನೆ ಬಾಗಿಲಲ್ಲೇ ಕಾಯುತ್ತಿತ್ತು. ಆಗಲಿಲ್ಲ. 2008ರಲ್ಲಿ ಅಮೆರಿಕದ ಬ್ಯಾಂಕು ಮುಳುಗಿದ್ದಕ್ಕೂ ನಮ್ಮೂರಿನ ಹುಡುಗನಿಗೆ ಕೆಲಸ ಸಿಗದ್ದಕ್ಕೂ ಏನು ಸಂಬಂಧ ಅಂತ ಅರಳಿಕಟ್ಟೆಯವರಿಗೆ ಹೇಗೆ ತಿಳಿಸೋದು? 2010ರಲ್ಲಿ ಓದು ಮುಗಿಯಿತು. ಒಂದು ವರ್ಷ ಅಲೆದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. ಇವತ್ತಿಗೂ ಅದೇ. ಊಟಕ್ಕೆ ತೊಂದರೆ ಇಲ್ಲ, ಸಾಲ ತೀರಿದೆ.

ಅಪ್ಪನದು ತಪ್ಪು ಅಂತ ಒಂದು ಕಾಲದಲ್ಲಿ ಸಲೀಸಾಗಿ ಹೇಳುತ್ತಿದ್ದೆ. ಈಗ ನಾಲಿಗೆ ಹೊರಳುವುದಿಲ್ಲ. ಕಬ್ಬಿನ ಬಾಕಿಗೆ ಅಲೆದು ಚಪ್ಪಲಿ ಸವೆಸಿದವರು ಅವರು. 2023ರಲ್ಲಿ ನಮ್ಮ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರಲ್ಲ, ನೆನಪಿದೆಯಾ? ಟಿವಿಯವರು ನಗುತ್ತಾ ತೋರಿಸಿದರು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಹೋದ ವರ್ಷ ಅಪ್ಪ ವಾಟ್ಸಾಪ್‌ನಲ್ಲಿ ಒಂದು ಭತ್ತದ ಎಲೆಯ ಫೋಟೋ ಕಳಿಸಿದರು. ನೂಲುವ ಕದಿರಿನ ಆಕಾರದ ಚುಕ್ಕೆ, ನಡುವೆ ಬೂದು ಬಣ್ಣ, ಅಂಚು ಕಂದು. ಫೋನ್ ಮಾಡಿ "ಬೆಂಕಿ ರೋಗ ಅಪ್ಪಾ, ಯೂರಿಯಾ ಹಾಕೋದು ನಿಲ್ಲಿಸಿ" ಅಂದೆ.

"ನಿಂಗೆಂಗ್ ಗೊತ್ತಾಯ್ತು?"

ಏನನ್ನಿಸಿತೋ, ಮಲ್ಲೇಶ್ವರದ ಆ ಕಂಪ್ಯೂಟರಿನವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಅವತ್ತು ಹೇಳಿಬಿಟ್ಟೆ. ಆ ಕಡೆ ಪಂಪ್‌ಸೆಟ್ಟಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

"ಅವತ್ತೇ ಬಾಯ್ಬಿಟ್ಟು ಹೇಳಿದ್ರೆ ನಾನು ಬೇಡ ಅಂತಿದ್ನೇನ್ಲಾ?" ಅಂದರು.

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ, ಔಷಧಿ ಹೆಸರು ಕನ್ನಡದಲ್ಲಿ ಬರೆದು ಕಳಿಸು, ಅಂಗಡಿಯವನಿಗೆ ತೋರಿಸಬೇಕು ಅಂತ ಹೇಳಿ ಫೋನ್ ಇಟ್ಟರು.