ತತ್ತಿಗೆ ಯಾವ ಅರ್ಜಿ?

ಪಕ್ಕದ ಮನೆಯಾಕೆ ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕಿಸೋಕೆ ನನ್ನನ್ನೂ ಜೊತೆಗೆ ಕರೆದಿದ್ದಳು. ಆಕೆಗೆ ಓದಲು ಬರುವುದಿಲ್ಲ. ಗಂಡ ಗುಳೆ ಹೋಗಿ ಬೆಂಗಳೂರಲ್ಲಿ ಗಾರೆ ಕೆಲಸ ಮಾಡುತ್ತಾನೆ. ನಮ್ಮ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಇದೇನೂ ಹೊಸದಲ್ಲ. ಅವತ್ತಿನ ಕೂಲಿ ಬಿಟ್ಟು, ಬಟ್ಟೆ ಅಂಗಡಿಯ ಕವರಿನಲ್ಲಿ ರೇಷನ್ ಕಾರ್ಡು, ಪಾಸ್‌ಬುಕ್ಕು, ಜಾತಿ-ಆದಾಯದ ಪತ್ರ ಎಲ್ಲ ತುಂಬಿಕೊಂಡು ಬಂದಿದ್ದಳು.

ಆದರೂ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಹುಡುಗಿಯ ಹೆಸರು ಶಾಲೆಯಲ್ಲಿ ‘ಅಮ್ಮ’ ಅಂತ ಮುಗಿದರೆ ಆಧಾರ್‌ನಲ್ಲಿ ‘ಅವ್ವ’ ಅಂತ ಮುಗಿಯುತ್ತಿತ್ತು.

“ಹೊಂದವಲ್ದು ಅಕ್ಕಾ, ಆಧಾರ್ ತಿದ್ದಿಸ್ಕೊಂಡು ಬರ್ರಿ,” ಅಂದ ಕಂಪ್ಯೂಟರ್ ಹುಡುಗ.

“ಎರಡೂ ಆಕಿನೇ ಅಲ್ಲೇನಪ್ಪಾ?” ಅಂದಳು ಈಕೆ. ಅವನೇನು ಮಾಡಿಯಾನು, ಪಾಪ.

ತಿದ್ದುಪಡಿಗೆ ಬೇಕಾದ ಪತ್ರ ತರಲು ಶಾಲೆಗೆ ಹೋದೆವು. ಊಟದ ಹೊತ್ತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಅನ್ನ, ಸಾಂಬಾರು, ಒಂದು ಬೇಯಿಸಿದ ತತ್ತಿ. ತತ್ತಿ ಒಲ್ಲದವರಿಗೆ ಬಾಳೆಹಣ್ಣು. ಈಕೆಯ ಮಗಳು ಬಿಳಿ ಭಾಗವನ್ನು ಗಬಗಬ ತಿಂದು, ಹಳದಿಯನ್ನು ಅನ್ನದಲ್ಲಿ ಕಿವುಚಿ ಕಲಸಿಕೊಂಡಳು. ಸಾಲಿನಲ್ಲಿ ಯಾರೂ ಅವಳ ಆಧಾರ್ ಕೇಳಲಿಲ್ಲ. ಅಪ್ಪನ ಆದಾಯವನ್ನೂ ಕೇಳಲಿಲ್ಲ.

ಬಿಸಿಯೂಟ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಹೇಳಿತು. ನಮ್ಮ ಕಡೆಯ ಜಿಲ್ಲೆಗಳಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ತತ್ತಿಯೂ ಮೊದಲು ಬಂದಿದ್ದು ಈ ಕಡೆಗೇ, 2021ರ ಡಿಸೆಂಬರಿನಲ್ಲಿ. ಆಗ ಶಾಲೆಯಲ್ಲಿ ಮೊಟ್ಟೆ ಕೊಡಬಾರದು ಅಂತ ಎಷ್ಟು ಗಲಾಟೆ! ಗಲಾಟೆ ಮಾಡಿದವರ ಮಕ್ಕಳು ಈ ಸಾಲಿನಲ್ಲಿ ನಿಂತಿದ್ದರೋ ಇಲ್ಲವೋ, ಬಿಡಿ.

ಯೋಜನೆಗಳೇ ಇಲ್ಲ ಅಂತ ನಾನು ಹೇಳಲಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಈಕೆ ಮಕ್ಕಳಿಗೆ ನೋಟ್‌ಬುಕ್ಕು, ಚಪ್ಪಲಿ ಕೊಡಿಸುತ್ತಾಳೆ. ತಡವಾದ ತಿಂಗಳು ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತದೆ. ಆದರೆ ಬಡವ ಅಂತ ಸಾಬೀತು ಮಾಡೋದಕ್ಕೇ ಬಡವನ ಕೂಲಿ ಹೋಗಬೇಕೆಂದರೆ ಏನು ನ್ಯಾಯ? ಎಲ್ಲ ಮಕ್ಕಳಿಗೂ ಕೊಟ್ಟರೆ ಉಳ್ಳವರ ಮಕ್ಕಳೂ ತಿಂತಾರೆ ಅನ್ನೋರಿದ್ದಾರೆ. ತಿನ್ನಲಿ ಬಿಡಿ! ಒಂದಕ್ಷರದ ತಪ್ಪಿಗೆ ಬಡವರ ಮಗು ಹೊರಗುಳಿಯೋದಕ್ಕಿಂತ ಅದೇ ಎಷ್ಟೋ ವಾಸಿ.

“ಎಲ್ಲರೂ ಇಲ್ಲಿಗೇ ಬಂದುಬಿಡ್ರಿ” ಅಂತ ಗಂಡ ಫೋನಲ್ಲಿ ಕರೀತಾನೇ ಇರುತ್ತಾನಂತೆ. “ರೇಷನ್ ಅಕ್ಕಿ ಅಲ್ಲೂ ಸಿಗ್ತದಂತ. ಆದ್ರ ಆ ಶೆಡ್ಡಿನ ಹತ್ರ ಸಾಲಿ ಎಲ್ಲೈತಿ?” ಅಂದಳು, ಬಸ್ಸು ಕಾಯುತ್ತಾ.

ಸೋಮವಾರ ಆಧಾರ್ ಕೇಂದ್ರಕ್ಕೆ ಹೋಗೋಣ ಅಂತ ಮಾತಾಡಿಕೊಂಡೆವು. ಅವತ್ತಿನ ಕೂಲಿಯೂ ಹೋಯಿತು ಅಂತಲೇ ಲೆಕ್ಕ.